ಕೋನುಗಳ ನಡುವೆ ಓಡುವ ಕಾರಿಗೆ ಗಾಳಿ ಎಷ್ಟು ಹೊಡೆಸಬೇಕು?

ಪ್ರಶ್ನೆ: ಮುಂದಿನ ತಿಂಗಳು ಬೆಂಗಳೂರಿನ ಹೊರವಲಯದಲ್ಲಿ ಡಾಂಬರಿನ ಮೇಲೆ ನಡೆಯುವ ಆಟೋಕ್ರಾಸ್‌ಗೆ ನನ್ನ ಸ್ವಿಫ್ಟ್ ತೆಗೆದುಕೊಂಡು ಹೋಗುವವನಿದ್ದೇನೆ. ಕಾರಿಗೆ ಏನೂ ಮಾಡಿಸಿಲ್ಲ, ಶೋರೂಮಿನಿಂದ ಬಂದ ಹಾಗೇ ಇದೆ. ಟೈರಿಗೆ ಎಷ್ಟು ಗಾಳಿ ಇರಬೇಕು ಎಂದು ಕೇಳಿದರೆ ಮೂವರು ಮೂರು ಹೇಳುತ್ತಾರೆ. ಚಿಕ್ಕಮಗಳೂರಿನ ಗೆಳೆಯ 26 ಸಾಕು ಅನ್ನುತ್ತಾನೆ. ನಮ್ಮ ಟೈರ್ ಅಂಗಡಿಯವರು 45 ಹೊಡೆಸಿ, ಗಟ್ಟಿಯಾಗಿರಲಿ ಅನ್ನುತ್ತಾರೆ. ಅಮೆರಿಕದಲ್ಲಿರುವ ದೊಡ್ಡಪ್ಪನ ಮಗ ಅಲ್ಲಿ ಮಿಯಾಟಾ ಓಡಿಸುತ್ತಾನೆ, ಅವನ ಪ್ರಕಾರ 29. ಯಾರ ಮಾತು ಕೇಳಲಿ? ನೈಟ್ರೋಜನ್ ಹಾಕಿಸಿದರೆ ಏನಾದರೂ ಪ್ರಯೋಜನ ಇದೆಯೇ?

ಉತ್ತರ: ಅಂಕಿ ಹೇಳದೆ ಪಾಠ ಶುರು ಮಾಡಿದರೆ ನೀವು ಕೊನೆಯವರೆಗೂ ಅದನ್ನೇ ಹುಡುಕುತ್ತಾ ಓದುತ್ತೀರಿ. ಹಾಗಾಗಿ ಮೊದಲೇ ಕೊಟ್ಟುಬಿಡುತ್ತೇನೆ: ಮುಂದೆ 40, ಹಿಂದೆ 38 ಪಿಎಸ್‌ಐ. ಇದು ಬೆಳಿಗ್ಗೆ ಶುರು ಮಾಡುವ ಜಾಗ ಅಷ್ಟೇ. ಸಂಜೆಯೊಳಗೆ ಇಲ್ಲಿಂದ ಎರಡೋ ನಾಲ್ಕೋ ಪಿಎಸ್‌ಐ ಆಚೀಚೆ ಸರಿದಿರುತ್ತೀರಿ. ಹೊಡೆಸುವ ಮುನ್ನ ಟೈರಿನ ಪಕ್ಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಗರಿಷ್ಠ ಒತ್ತಡ ಓದಿಕೊಳ್ಳಿ. ಸಾಮಾನ್ಯವಾಗಿ 44 ಅಥವಾ 51 ಎಂದಿರುತ್ತದೆ. ಟೈರು ತಣ್ಣಗಿರುವಾಗ ಅದನ್ನು ಯಾವ ಕಾರಣಕ್ಕೂ ದಾಟಿಸಬೇಡಿ. ಅಲ್ಲಿ ಅಚ್ಚಾಗಿಲ್ಲದಿದ್ದರೆ ಟೈರ್ ಕಂಪನಿಯ ಮಾಹಿತಿ ನೋಡದೆ 40ಕ್ಕೆ ಹೋಗಬೇಡಿ.

ನಿಮ್ಮ ಮೂವರು ಸಲಹೆಗಾರರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರೂ ಬೇರೊಂದು ಕಾರಿನ, ಬೇರೊಂದು ನೆಲದ ಲೆಕ್ಕ ಹೇಳುತ್ತಿದ್ದಾರೆ.

ದೊಡ್ಡಪ್ಪನ ಮಗನಿಂದ ಶುರು ಮಾಡೋಣ. ಅಮೆರಿಕದಲ್ಲಿ ಆಟೋಕ್ರಾಸ್ ಅಂದರೆ ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟಿನ ಮೇಲೋ ಕೋನ್ ಜೋಡಿಸಿ, ಒಂದೊಂದೇ ಕಾರು ಬಿಟ್ಟು, ಸಮಯ ಅಳೆಯುವ ಪಂದ್ಯ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಇದನ್ನು ಸೋಲೋ ಎಂಬ ಹೆಸರಿನಲ್ಲಿ ನಡೆಸುತ್ತದೆ. ಅದರ ರಾಷ್ಟ್ರೀಯ ಪಂದ್ಯ 2009ರಿಂದ ನೆಬ್ರಾಸ್ಕದ ಲಿಂಕನ್‌ನಲ್ಲಿ, ಟೈರನ್ನು ಗಟ್ಟಿಯಾಗಿ ಹಿಡಿಯುವ ಕಾಂಕ್ರೀಟಿನ ಮೇಲೆ ನಡೆದುಕೊಂಡು ಬಂದಿದೆ. ಅಲ್ಲಿ ಕೋನ್ ಬಿದ್ದರೆ ಒಂದಕ್ಕೆ ಎರಡು ಸೆಕೆಂಡ್ ದಂಡ. ಮಿಯಾಟಾ, ಅಂದರೆ ಮಾಜ್ದಾ ಎಂಎಕ್ಸ್-5, ಆ ವಲಯದಲ್ಲಿ ಮನೆಮಾತು. ತೂಕ ಸಾವಿರ ಕೆ.ಜಿ. ಆಸುಪಾಸು, ಅದೂ ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿರುತ್ತದೆ. ಎಂಜಿನ್ ಎಳೆಯುವುದು ಹಿಂದಿನ ಚಕ್ರಗಳನ್ನು. ಮುಂದಿನ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಕಾರು ವಾಲಿದರೂ ಟೈರನ್ನು ನೆಲಕ್ಕೆ ಸಾಕಷ್ಟು ಚಪ್ಪಟೆಯಾಗಿ ಒತ್ತಿ ಹಿಡಿಯುತ್ತದೆ. ಟೈರಂತೂ ಪಂದ್ಯಕ್ಕೆಂದೇ ತಂದದ್ದಿರುತ್ತದೆ. ಅಲ್ಲಿನ ಸ್ಟ್ರೀಟ್ ವರ್ಗಗಳಲ್ಲಿ ಟ್ರೆಡ್‌ವೇರ್ ಅಂಕಿ, ಅಂದರೆ ಟೈರು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದರ ಅಳತೆ, ಕನಿಷ್ಠ 200 ಇರಬೇಕೆಂಬ ನಿಯಮವಿದೆ, ಗೆಲ್ಲಬೇಕೆನ್ನುವವರು ಸರಿಯಾಗಿ ಆ 200ಕ್ಕೇ ಬಂದು ನಿಲ್ಲುತ್ತಾರೆ. ಅಂಥ ಟೈರಿನ ರಬ್ಬರು ಮೆತ್ತಗೆ, ಪಕ್ಕೆ ಗಟ್ಟಿ.

ಈಗ ನಿಮ್ಮ ಕಾರಿನ ಟೈರು ನೋಡಿ. 2018ರ ನಂತರದ ಸ್ವಿಫ್ಟ್ ಆಗಿದ್ದರೆ ಮಾಡೆಲ್ ಪ್ರಕಾರ 165/80 ಆರ್14 ಅಥವಾ 185/65 ಆರ್15 ಇರುತ್ತದೆ. ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರ ಎಂಬುದು. 165ರಲ್ಲಿ ಶೇ. 80 ಅಂದರೆ 132 ಮಿ.ಮೀ. ಮಿಯಾಟಾದ 195/50 ಟೈರಿನ ಪಕ್ಕೆ 100 ಮಿ.ಮೀ. ಕೂಡ ಇಲ್ಲ. ಹೊಂಡ ಗುಂಡಿಗಳ ರಸ್ತೆಗೆ ಈ ಎತ್ತರದ ಪಕ್ಕೆ ಸುಖ ಕೊಡುತ್ತದೆ. ಸ್ಟೇರಿಂಗನ್ನು ರಪ್ಪನೆ ತಿರುಗಿಸಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ: ರಿಮ್ ತಿರುಗುತ್ತದೆ, ಪಕ್ಕೆ ಮಡಚಿಕೊಳ್ಳುತ್ತದೆ, ನೆಲ ಮುಟ್ಟಿರುವ ರಬ್ಬರು ಹಿಂದೆ ಉಳಿಯುತ್ತದೆ. ಸಡಿಲವಾದ ಚಪ್ಪಲಿ ಹಾಕಿಕೊಂಡು ಓಡುವಾಗ ಥಟ್ಟನೆ ತಿರುಗಿದರೆ ಕಾಲು ಒಂದು ಕಡೆ, ಅಟ್ಟೆ ಇನ್ನೊಂದು ಕಡೆ ಹೋಗುತ್ತದಲ್ಲ, ಅದೇ ಕಥೆ.

ಇದರ ಮೇಲೆ ಕ್ಯಾಂಬರ್ ತಾಪತ್ರಯ. ಸ್ವಿಫ್ಟಿನ ಮುಂಭಾಗದ್ದು ಮ್ಯಾಕ್‌ಫರ್ಸನ್ ಸ್ಟ್ರಟ್. ಕಂಪನಿ ಅದನ್ನು ಸೊನ್ನೆಯ ಆಸುಪಾಸಿನ ಕ್ಯಾಂಬರಿನಲ್ಲಿ ಕೂರಿಸಿರುತ್ತದೆ, ಅಂದರೆ ನೇರ ರಸ್ತೆಯಲ್ಲಿ ಟೈರು ನೆಟ್ಟಗೆ ನಿಂತಿರುತ್ತದೆ. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಹೊರಬದಿಯ ಟೈರೂ ಅದರ ಜೊತೆಗೇ ವಾಲಿ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಮುಂಚಕ್ರ ಎಳೆಯುವ ಕಾರಿನ ತೂಕದಲ್ಲಿ ಶೇ. 60ಕ್ಕೂ ಹೆಚ್ಚು ಮುಂದೆಯೇ ಇರುತ್ತದೆ. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು, ಎಲ್ಲವೂ ಆ ಎರಡು ಟೈರುಗಳ ಪಾಲಿಗೇ. ಹೀಗಿರುವಾಗ 29 ಪಿಎಸ್‌ಐ ಇಟ್ಟುಕೊಂಡು ಕೋನುಗಳ ನಡುವೆ ನುಗ್ಗಿದರೆ ಹೊರಬದಿಯ ಮುಂದಿನ ಟೈರು ಟ್ರೆಡ್ ಬಿಟ್ಟು ಪಕ್ಕೆಯ ಮೇಲೆ ಓಡುತ್ತದೆ. ಕ್ಯಾಂಬರ್ ಬದಲಿಸಲು ಬೋಲ್ಟು, ಪ್ಲೇಟು, ಅಲೈನ್‌ಮೆಂಟ್ ಅಂತ ಖರ್ಚಿದೆ, ಕೆಲವು ವರ್ಗಗಳಲ್ಲಿ ನಿಯಮವೇ ಬಿಡುವುದಿಲ್ಲ. ಅದಕ್ಕೇ ನಾವು ಹೆಚ್ಚು ಗಾಳಿ ತುಂಬಿ ಪಕ್ಕೆಯನ್ನು ಗಡುಸು ಮಾಡುತ್ತೇವೆ. ಆಟೋಕ್ರಾಸ್‌ಗೆ ಬರುವ ಮನೆ ಕಾರಿನಲ್ಲಿ ಹೆಚ್ಚುವರಿ ಗಾಳಿ ಮಾಡುವ ಮುಖ್ಯ ಕೆಲಸ ಇದು: ಸಸ್ಪೆನ್ಷನ್ನಿನ ಕೊರತೆಯನ್ನು ಒಂದಿಷ್ಟು ತುಂಬಿಕೊಡುವುದು. ಕೊರತೆ ಕಡಿಮೆಯಾದಷ್ಟೂ ಗಾಳಿ ಕಡಿಮೆ ಸಾಕಾಗುತ್ತದೆ. ಮಿಯಾಟಾಗೆ 29 ಸಾಕಾಗುವುದು ಹೀಗೆ.

ಚಿಕ್ಕಮಗಳೂರಿನ ಗೆಳೆಯನ 26 ಮಣ್ಣಿನ ಲೆಕ್ಕ. ಆ ಕಡೆಯ, ಕೊಡಗಿನ ಕಡೆಯ ಆಟೋಕ್ರಾಸ್‌ಗಳು ಹೆಚ್ಚಾಗಿ ಮಣ್ಣಿನ ಟ್ರ್ಯಾಕಿನಲ್ಲಿ ನಡೆಯುತ್ತವೆ. ಸಡಿಲ ಮಣ್ಣಿನಲ್ಲಿ ಪಕ್ಕೆ ಮಡಚಿಕೊಳ್ಳುವಷ್ಟು ಹಿಡಿತವೇ ಹುಟ್ಟುವುದಿಲ್ಲ. ಗಾಳಿ ಕೊಂಚ ಇಳಿಸಿದರೆ ಟೈರು ಉಬ್ಬುತಗ್ಗುಗಳನ್ನು ನುಂಗಿಕೊಂಡು ನೆಲಕ್ಕೆ ಅಂಟಿಕೊಂಡು ಓಡುತ್ತದೆ. ಅಲ್ಲೂ ತೀರಾ ಇಳಿಸಿದರೆ ಅಡ್ಡಡ್ಡ ಜಾರುವಾಗ ಗಾಡಿಜಾಡಿನ ಅಂಚಿಗೆ ಬಡಿದು ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಡಾಂಬರಿಗೆ ಅವನ ಅಂಕಿ ಬೇಡ.

ಟೈರ್ ಅಂಗಡಿಯವರ 45ರಲ್ಲಿ ಅರ್ಧ ಸತ್ಯ ಇದೆ, ಅದು ಮೋಸ ಮಾಡುವುದೂ ಅಲ್ಲೇ. ಗಾಳಿ ಏರಿಸುತ್ತಾ ಹೋದಂತೆ ಸ್ಟೇರಿಂಗ್ ಚುರುಕಾಗುತ್ತದೆ. ಸ್ಲಾಲಂನಲ್ಲಿ, ಅಂದರೆ ಸಾಲಾಗಿ ಇಟ್ಟ ಕೋನುಗಳನ್ನು ಎಡಬಲ ಎಡಬಲ ತಪ್ಪಿಸಿಕೊಂಡು ಹೋಗುವ ಕಡೆ, ಈ ಚುರುಕು ನಿಜಕ್ಕೂ ಬೇಕು. ಪ್ರತಿ ಸಲ ದಿಕ್ಕು ಬದಲಿಸುವಾಗಲೂ ಪಕ್ಕೆ ಮಡಚಿಕೊಂಡು ಸಾವರಿಸಿಕೊಳ್ಳುವವರೆಗೆ ಕಾಯುತ್ತಾ ಕೂತರೆ ಐದನೇ ಕೋನಿನ ಹೊತ್ತಿಗೆ ಒಂದು ಹೆಜ್ಜೆ ಹಿಂದೆ ಬಿದ್ದಿರುತ್ತೀರಿ. ಆದರೆ ಒಂದು ಮಟ್ಟ ದಾಟಿದ ಮೇಲೆ ಟ್ರೆಡ್ಡಿನ ನಡುಭಾಗ ಉಬ್ಬಿ, ನೆಲ ಮುಟ್ಟುವ ಜಾಗ ಕುಗ್ಗುತ್ತದೆ. ಡಾಂಬರಿನ ಸಣ್ಣ ಉಬ್ಬಿಗೂ ಚಕ್ರ ಪುಟಿಯುತ್ತದೆ. ಉದ್ದನೆಯ ದುಂಡು ತಿರುವಿನಲ್ಲಿ ಕಾರು ಜಾರತೊಡಗುತ್ತದೆ. ಓಡಿಸುವವನಿಗೆ ಮಾತ್ರ ಇದು ಗೊತ್ತಾಗುವುದಿಲ್ಲ. ಸ್ಟೇರಿಂಗ್ ತಕ್ಷಣ ಮಾತು ಕೇಳುತ್ತಿದೆ, ಟೈರು ಕಿರುಚುತ್ತಿದೆ, ಕಾರು ಜಿಗಿಯುತ್ತಿದೆ, ಇಷ್ಟು ವೇಗವಾಗಿ ಹಿಂದೆಂದೂ ಹೋಗಿಲ್ಲ ಅನ್ನಿಸುತ್ತದೆ. ಟೈಮಿಂಗ್ ಬೋರ್ಡು ಬೇರೆಯೇ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಹೊಸಬರು ಕಡಿಮೆ ಗಾಳಿಯಿಂದ ಕಳೆದುಕೊಳ್ಳುವುದಕ್ಕಿಂತ ಈ ಹುಸಿ ಚುರುಕಿನಿಂದ ಕಳೆದುಕೊಳ್ಳುವುದೇ ಹೆಚ್ಚು.

ಹಾಗಾದರೆ ಸರಿಯಾದ ಅಂಕಿ ಎಲ್ಲಿದೆ? ಟೈರಿನ ಅಂಚಿನಲ್ಲಿದೆ, ಓದಲು ಒಂದು ಚಾಕ್‌ಪೀಸ್ ಸಾಕು. ಓಡಿಸುವ ಮುನ್ನ ನಾಲ್ಕೂ ಟೈರಿಗೆ ಮೂರು ಮೂರು ಕಡೆ, ಟ್ರೆಡ್ಡಿನ ಹೊರ ಅಂಚಿನಿಂದ ಪಕ್ಕೆಯ ಕಡೆಗೆ ಇಳಿಯುವಂತೆ ಎರಡು ಬೆರಳಗಲದ ದಪ್ಪ ಗೆರೆ ಎಳೆಯಿರಿ. ಶೂಗೆ ಹಚ್ಚುವ ಬಿಳಿ ಪಾಲಿಶ್ ಇದ್ದರೆ ಇನ್ನೂ ಒಳ್ಳೆಯದು, ಬೇಗ ಉದುರುವುದಿಲ್ಲ. ಓಡಿಸಿ ಬಂದ ಕೂಡಲೇ ಬಗ್ಗಿ ನೋಡಿ. ಗೆರೆ ಎಲ್ಲಿಯವರೆಗೆ ಉಜ್ಜಿ ಹೋಗಿದೆಯೋ ಅಲ್ಲಿಯವರೆಗೆ ಟೈರು ನೆಲ ಮುಟ್ಟಿದೆ. ಟ್ರೆಡ್ ಮುಗಿದು ಪಕ್ಕೆ ಶುರುವಾಗುವ ಮೂಲೆಗೆ ಸರಿಯಾಗಿ ನಿಂತಿದ್ದರೆ ಗಾಳಿ ಹದವಾಗಿದೆ. ಮೂಲೆ ದಾಟಿ ಪಕ್ಕೆಯ ಬರಹದ ಕಡೆಗೆ ಉಜ್ಜಿದ್ದರೆ ಎರಡು ಪಿಎಸ್‌ಐ ಏರಿಸಿ. ಮೂಲೆಗೆ ಒಂದು ಬೆರಳು ಮೊದಲೇ ನಿಂತು, ಅಂಚಿನ ಚಾಕ್ ಹಾಗೇ ಉಳಿದಿದ್ದರೆ ಎರಡು ಇಳಿಸಿ. ಬಲತಿರುವು ಹೆಚ್ಚಿರುವ ಟ್ರ್ಯಾಕಿನಲ್ಲಿ ಎಡಗಡೆಯ ಮುಂದಿನ ಟೈರು ಹೆಚ್ಚು ಕಷ್ಟಪಟ್ಟಿರುತ್ತದೆ. ಅದನ್ನೇ ನೋಡಿ ತೀರ್ಮಾನಿಸಿ.

ಕೆಲವು ಟೈರುಗಳ ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತಿರುತ್ತದೆ. ಪಂದ್ಯಕ್ಕೆ ಬಂದವರಲ್ಲಿ ಯಾರಾದರೂ ಒಬ್ಬರು, ಚಾಕ್ ಆ ತ್ರಿಕೋನದ ತುದಿಯವರೆಗೆ ಅಳಿಸಬೇಕು ಎಂದು ನಿಮಗೆ ಖಂಡಿತ ಹೇಳುತ್ತಾರೆ. ಟೈರ್ ಕಂಪನಿ ಅದನ್ನು ಹಾಕಿರುವುದು ಸವೆತದ ಸೂಚಕ ಟ್ರೆಡ್ಡಿನ ಯಾವ ಸಾಲಿನಲ್ಲಿದೆ ಎಂದು ತೋರಿಸಲು. ಬಹಳ ಟೈರುಗಳಲ್ಲಿ ಅದು ಕಾಕತಾಳೀಯವಾಗಿ ಸರಿಯಾದ ಜಾಗದಲ್ಲೇ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಟ್ರೆಡ್ ಮುಗಿಯುವ ಮೂಲೆಯನ್ನೇ ನಂಬಿ.

ಇನ್ನು ಬಿಸಿಲು. ರೇಸ್ ಟ್ರ್ಯಾಕಿನಲ್ಲಿ ಸುತ್ತು ಹೊಡೆದು ಹೊಡೆದು ಟೈರು ಕಾದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಆಟೋಕ್ರಾಸ್‌ನಲ್ಲಿ ಒಂದು ಓಟ ಸಾಮಾನ್ಯವಾಗಿ ಒಂದು ನಿಮಿಷದ ಒಳಗೇ ಮುಗಿದುಬಿಡುತ್ತದೆ, ಆಮೇಲೆ ಸರತಿಯಲ್ಲಿ ಕಾಯಬೇಕು. ಹಾಗಾಗಿ ಟೈರು ಓಟದಿಂದ ಕಾಯುವಷ್ಟೇ ಬಿಸಿಲಿನಿಂದಲೂ ಕಾಯುತ್ತದೆ. ಲೆಕ್ಕ ಹೀಗೆ: 36 ಪಿಎಸ್‌ಐ ಸುತ್ತಮುತ್ತಲಿನ ಒತ್ತಡದಲ್ಲಿ ಒಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಗೇಜ್ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೆಳಿಗ್ಗೆ ಏಳಕ್ಕೆ 18 ಡಿಗ್ರಿಯಲ್ಲಿ 40 ಇಟ್ಟು, ಮಧ್ಯಾಹ್ನ 32 ಡಿಗ್ರಿಯಲ್ಲಿ ಓಡಿಸಿದರೆ ನೀವು ಏನೂ ಮಾಡದೆಯೇ 42 ದಾಟಿರುತ್ತದೆ. ಕಾರನ್ನು ಒಂದೇ ಮಗ್ಗುಲಿಗೆ ಬಿಸಿಲು ಬೀಳುವಂತೆ ನಿಲ್ಲಿಸಿದರೆ ಎಡದ ಟೈರೇ ಬೇರೆ, ಬಲದ್ದೇ ಬೇರೆ ತೋರಿಸುತ್ತದೆ. ಅದನ್ನು ನೋಡಿ ಗಾಬರಿಯಿಂದ ಒಂದು ಕಡೆಯದನ್ನು ಇಳಿಸಬೇಡಿ, ಕಾರನ್ನು ನೆರಳಿಗೆ ತನ್ನಿ. ಒಂದೇ ಕಾರನ್ನು ಅಣ್ಣ ತಮ್ಮ ಇಬ್ಬರೂ ಓಡಿಸುವುದಾದರೆ ಟೈರು ಆರಲು ಸಮಯವೇ ಸಿಗುವುದಿಲ್ಲ. ನಡುವೆ ಬಾಟಲಿಯಿಂದ ಟ್ರೆಡ್ಡಿಗೆ ನೀರು ಚಿಮುಕಿಸುವುದು ಎಲ್ಲ ಕಡೆ ಇರುವ ರೂಢಿ. ನೀರು ಚೆಲ್ಲಿ ಕೆಸರು ಮಾಡಿ ಅದೇ ಟೈರಿನಲ್ಲಿ ಸ್ಟಾರ್ಟ್ ಗೆರೆಗೆ ಹೋದರೆ ಮಾಡಿದ್ದೆಲ್ಲ ದಂಡ.

ಇದೇ ಲೆಕ್ಕದ ಇನ್ನೊಂದು ಮುಖವೂ ಇದೆ. ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ವಾತಾವರಣಕ್ಕೂ ಇರುವ ವ್ಯತ್ಯಾಸವನ್ನು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಂಗಳೂರಿನಲ್ಲಿ 36 ಹೊಡೆಸಿದ ಟೈರು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದರೆ, ಉಷ್ಣಾಂಶ ಅಷ್ಟೇ ಇದ್ದರೂ 37.5ರ ಹತ್ತಿರ ತೋರಿಸುತ್ತದೆ. ಬೆಂಗಳೂರಿನ ತಂಪು ಅದರಲ್ಲಿ ಒಂದು ಪಾಲು ಕಿತ್ತುಕೊಳ್ಳುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಹಿಂದಿನ ದಿನ ಊರಿನ ಬಂಕಿನಲ್ಲಿ ಹೊಡೆಸಿದ ಅಂಕಿಯನ್ನು ಪಂದ್ಯದ ದಿನ ನೆಚ್ಚಿಕೊಳ್ಳಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಸ್ವಂತ ಗೇಜ್ ಇರಲಿ, ಗಾಳಿ ಬಿಡುವ ಗುಂಡಿ ಇರುವ ಡಯಲ್ ಗೇಜ್ ಆದರೆ ಅನುಕೂಲ. ಅದು ಒಂದು ಪಿಎಸ್‌ಐ ತಪ್ಪು ತೋರಿಸಿದರೂ ಚಿಂತೆಯಿಲ್ಲ, ಪ್ರತಿ ಸಲವೂ ಅಷ್ಟೇ ತಪ್ಪು ತೋರಿಸಿದರೆ ಸಾಕು. ಅವರಿವರ ಗೇಜ್ ಎರವಲು ಪಡೆದು ಅಳೆದ ಅಂಕಿಗಳನ್ನು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ.

ಚಾಕ್ ನೋಡಿ ಮುಂದಿನ ಟೈರು ಹದಕ್ಕೆ ಬಂದ ಮೇಲೆ ಅದನ್ನು ಮುಟ್ಟಬೇಡಿ, ಹಿಂದಿನದಕ್ಕೆ ಬನ್ನಿ. ಮುಂಚಕ್ರದ ಕಾರಿಗೆ ಮೂತಿ ಹೊರಗೆ ಜಾರುವ ಚಟ ಹುಟ್ಟಿನಿಂದಲೇ ಇರುತ್ತದೆ. ಸ್ಟೇರಿಂಗ್ ತಿರುಗಿಸುತ್ತೀರಿ, ಕಾರು ಕೋನಿನಿಂದ ದೂರ ದೂರ ಅಗಲವಾಗಿ ಹೋಗುತ್ತದೆ. ಹಿಂದಿನ ಟೈರುಗಳಿಗೆ ಇನ್ನೆರಡು ಪಿಎಸ್‌ಐ ಏರಿಸಿದರೆ ಅವುಗಳ ಹಿಡಿತ ತುಸು ಕಡಿಮೆಯಾಗಿ, ಕಾರಿನ ಹಿಂಭಾಗ ತಿರುಗಲು ಒಪ್ಪಿಕೊಳ್ಳುತ್ತದೆ. ಹೀಗೆ ಎರಡೆರಡೇ ಏರಿಸುತ್ತಾ ಹೋಗಿ 42ಕ್ಕೂ ಬರಬಹುದು, ಪಕ್ಕೆಯ ಮೇಲಿನ ಮಿತಿ ಮರೆಯದಿದ್ದರಾಯಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂಭಾಗ ಬೀಸಿಕೊಂಡು ಬಂದು ಎದೆ ಝಲ್ಲೆನ್ನಿಸಿದರೆ ಎರಡು ಇಳಿಸಿ. ಬಿಗಿ ತಿರುವಿನಲ್ಲಿ ನಿಮ್ಮ ಕಾರಿನ ಒಳಬದಿಯ ಹಿಂಚಕ್ರ ನೆಲದಿಂದ ಎದ್ದೇ ಹೋಗಬಹುದು. ಹೊರಗೆ ನಿಂತವರ ಫೋನಿನಲ್ಲಿ ಚಂದದ ಫೋಟೋ ಬರುತ್ತದೆ. ಆ ಹೊತ್ತಿನಲ್ಲಿ ಹಿಂಭಾಗದ ಕೆಲಸವೆಲ್ಲ ಇನ್ನೊಂದೇ ಟೈರಿನದು, ಹಾಗಾಗಿ ಅಲ್ಲಿ ಎರಡು ಪಿಎಸ್‌ಐ ಬದಲಾದರೂ ಸೀಟಿನಲ್ಲಿ ಕೂತವರಿಗೆ ತಿಳಿಯುತ್ತದೆ.

ಆದರೆ ಮೂತಿ ಜಾರಿದಾಗೆಲ್ಲ ತಪ್ಪು ಗಾಳಿಯದ್ದಾಗಿರುವುದಿಲ್ಲ. ತಿರುವಿಗೆ ಅತಿವೇಗದಲ್ಲಿ ಹೊಕ್ಕು, ಬ್ರೇಕ್ ತಡವಾಗಿ ಒತ್ತಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಡಿದುಕೊಂಡರೆ ಯಾವ ಒತ್ತಡದಲ್ಲೂ ಕಾರು ನೆಟ್ಟಗೇ ಹೋಗುತ್ತದೆ. ಮುಂದಿನ ಓಟದಲ್ಲಿ ಅದೇ ಕೋನಿಗೆ ಬ್ರೇಕನ್ನು ಒಂದು ಕಾರಿನಷ್ಟು ಉದ್ದ ಮೊದಲೇ ಒತ್ತಿ ನೋಡಿ. ಸರಿಹೋದರೆ ಗೇಜಿಗೆ ಕೈ ಹಾಕಬೇಡಿ.

ಗಾಳಿ ಬದಲಿಸಿದ್ದರಿಂದ ಸಮಯ ಸುಧಾರಿಸಿತೋ ಇಲ್ಲವೋ ಎಂದು ಪಂದ್ಯದ ದಿನ ತಿಳಿಯುವುದು ಬಲು ಕಷ್ಟ. ಎರಡನೇ ಓಟ ಮೊದಲನೆಯದಕ್ಕಿಂತ ಒಂದೂವರೆ ಸೆಕೆಂಡ್ ಬೇಗ ಮುಗಿಯಿತು ಅನ್ನಿ, ನಡುವೆ ನೀವು ಎರಡು ಪಿಎಸ್‌ಐ ಇಳಿಸಿದ್ದಿರಿ. ಹೊಗಳಿಕೆ ಗಾಳಿಗೆ ಸಲ್ಲಬೇಕೇ? ಅಷ್ಟರಲ್ಲಿ ನಿಮಗೆ ದಾರಿ ಬಾಯಿಪಾಠ ಆಗಿದೆ, ಟೈರು ಬೆಚ್ಚಗಾಗಿದೆ, ಮುಂದೆ ಓಡಿದ ಕಾರುಗಳು ಧೂಳು ಗುಡಿಸಿ ಡಾಂಬರಿನ ಮೇಲೆ ರಬ್ಬರು ಬಳಿದಿವೆ. ಏನೂ ಬದಲಿಸದವರ ಸಮಯವೂ ಸುಧಾರಿಸಿರುತ್ತದೆ. ನಿಜ ತಿಳಿಯಬೇಕಾದರೆ ಬದಲಿಸಿ ಓಡಿಸಿದ ಮೇಲೆ ಮತ್ತೆ ಹಳೆಯ ಅಂಕಿಗೇ ಮರಳಿ ಇನ್ನೊಮ್ಮೆ ಓಡಿಸಬೇಕು, ಆಗ ಸಮಯ ಮತ್ತೆ ಕೆಟ್ಟರೆ ಮಾತ್ರ ಬದಲಾವಣೆ ಕೆಲಸ ಮಾಡಿದೆ. ಸಿಗುವ ಬೆರಳೆಣಿಕೆಯ ಓಟಗಳಲ್ಲಿ ಇದಕ್ಕೆಲ್ಲ ಬಿಡುವಿಲ್ಲ. ಅದಕ್ಕೇ ಪಂದ್ಯದ ದಿನ ಚಾಕ್ ಹೇಳಿದ್ದನ್ನು ಕೇಳಿ, ಈ ಪರೀಕ್ಷೆಯನ್ನು ಅಭ್ಯಾಸದ ದಿನಕ್ಕೆ ಇಟ್ಟುಕೊಳ್ಳಿ. ಪ್ರತಿ ಓಟಕ್ಕೂ ಬಿಸಿಲು, ಓಟದ ಮುಂಚಿನ ಗಾಳಿ, ಓಟದ ನಂತರದ ಗಾಳಿ, ಚಾಕ್ ನಿಂತ ಜಾಗ, ಸಮಯ ಇಷ್ಟನ್ನು ಬರೆದಿಟ್ಟರೆ ಮುಂದಿನ ಪಂದ್ಯಕ್ಕೆ ನನ್ನ 40-38 ನಿಮಗೆ ಬೇಕಾಗುವುದಿಲ್ಲ.

ಮಳೆ ಬಂದರೆ? ತಗ್ಗಿನಲ್ಲಿ ನೀರು ನಿಂತಿದ್ದರೆ ಗಾಳಿ ಇಳಿಸಬೇಡಿ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಬಂದ ಒಂದು ಸೂತ್ರವಿದೆ. ಪಿಎಸ್‌ಐ ಅಂಕಿಯ ವರ್ಗಮೂಲವನ್ನು 9ರಿಂದ ಗುಣಿಸಿದರೆ, ಟೈರು ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 36ಕ್ಕೆ 54 ನಾಟ್, ಅಂದರೆ ಗಂಟೆಗೆ 100 ಕಿ.ಮೀ. 25ಕ್ಕೆ 45 ನಾಟ್, ಅಂದರೆ 83 ಕಿ.ಮೀ. ಕಾರಿನ ಟೈರಿಗೆ ಇದು ಚಾಚೂ ತಪ್ಪದೆ ಹೊಂದುವುದಿಲ್ಲ, ಟ್ರೆಡ್ ಸವೆದಿದ್ದರೆ ಲೆಕ್ಕವೇ ಬೇರೆ. ಆದರೂ ಗಾಳಿ ಕಡಿಮೆಯಾದರೆ ಬೇಗ ತೇಲುತ್ತದೆ ಎಂಬಷ್ಟು ನಿಜ. ಬರೀ ಒದ್ದೆಯಾದ, ನೀರು ನಿಲ್ಲದ ಡಾಂಬರಿನಲ್ಲಿ ಹಿಡಿತ ಕಡಿಮೆ, ಪಕ್ಕೆ ಅಷ್ಟೊಂದು ಮಡಚಿಕೊಳ್ಳುವುದಿಲ್ಲ. ಅಲ್ಲಿ ಒಣ ನೆಲದ ಅಂಕಿಗಿಂತ ಎರಡು ಮೂರು ಕೆಳಗೆ ಇಟ್ಟರೆ ಕಾರು ಹೆಚ್ಚು ಸಮಾಧಾನದಿಂದ ಓಡುತ್ತದೆ.

ನೈಟ್ರೋಜನ್ ವಿಷಯಕ್ಕೆ ಬಂದರೆ, ಬಂಕಿನ ಮಾಮೂಲಿ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಬಿಸಿಯಾದಾಗ ಒತ್ತಡ ಏರುವ ಲೆಕ್ಕ ಒಣಗಾಳಿಗೂ ನೈಟ್ರೋಜನ್ನಿಗೂ ಒಂದೇ. ವ್ಯತ್ಯಾಸ ಬರುವುದು ತೇವಾಂಶದಿಂದ. ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಸೇರಿಕೊಂಡಿದ್ದು, ಅದು ಟೈರಿನೊಳಗೂ ಹೋದರೆ, ಬಿಸಿಗೆ ಆವಿಯಾಗಿ ಗೇಜ್ ಲೆಕ್ಕ ತಪ್ಪಿಸುತ್ತದೆ. ನೈಟ್ರೋಜನ್ ಒಣಗಿರುತ್ತದೆ, ಅದರ ಲಾಭ ಅಷ್ಟೇ. ಮೈದಾನದಲ್ಲಿ ಎರಡೆರಡು ಪಿಎಸ್‌ಐ ಏರಿಸಿ ಇಳಿಸುತ್ತಾ ಇರುವವರು ಪ್ರತಿ ಸಲ ನೈಟ್ರೋಜನ್ ಎಲ್ಲಿಂದ ತರುತ್ತೀರಿ? ಆ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ, ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಕೊಳ್ಳಿ. ಗಾಳಿ ಇಳಿಸಲು ಬೆರಳು ಸಾಕು, ಏರಿಸಲು ಮೈದಾನದ ನಡುವೆ ಪಂಚರ್ ಅಂಗಡಿ ಇರುವುದಿಲ್ಲ.

ಅದೇ ಕಂಪ್ರೆಸರು ಸಂಜೆಯೂ ಬೇಕಾಗುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಕಂಪನಿಯ ಸ್ಟಿಕ್ಕರ್ ಕಾಣುತ್ತದೆ. ಆ ಅಂಕಿ ತಣ್ಣಗಿರುವ ಟೈರಿನ ಲೆಕ್ಕ, ಹಾಗಾಗಿ ಟೈರು ಆರಲು ಬಿಟ್ಟು ನಾಲ್ಕಕ್ಕೂ ಅಷ್ಟೇ ಮಾಡಿಕೊಂಡು ಹೊರಡಿ. ಓಟಕ್ಕೆ ಮುನ್ನ ಕಾರಿನಿಂದ ತೆಗೆದಿಟ್ಟ ಸ್ಟೆಪ್ನಿ, ಜಾಕ್ ಡಿಕ್ಕಿಗೆ ವಾಪಸ್ ಹಾಕಿದ್ದೀರಾ ನೋಡಿಕೊಳ್ಳಿ.